ಹೆಳವರ ಬಾಯಲ್ಲಿದ್ದ ದಾಖಲೆ

ಧಾರವಾಡದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: "ಮೊಮ್ಮಗಳು ಆಫ್ರಿಕಾದ ಇತಿಹಾಸದಲ್ಲೇ ಪಿಎಚ್.ಡಿ. ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಶಾಸನವಿಲ್ಲ, ಕಡತವಿಲ್ಲ. ಹಾಡು-ಕಥೆ ನಂಬಿ ಇತಿಹಾಸ ಬರೆಯಲಾದೀತೇ? ನೀವಾದರೂ ಬುದ್ಧಿ ಹೇಳಿ."

ಮಾಸ್ತರರೇ, ಬಾಯಿಂದ ಬಾಯಿಗೆ ಬಂದ ಮಾತು ಬಣ್ಣ ಬದಲಿಸುತ್ತದೆ, ಒಪ್ಪಿದೆ. ಆದರೆ ಶಾಸನವೇ ಇಲ್ಲ ಅನ್ನಬೇಡಿ. ಇಥಿಯೋಪಿಯಾದ ಅಕ್ಸುಮ್‌ನಲ್ಲಿ ರಾಜ ಎಜಾನಾ 4ನೇ ಶತಮಾನದಲ್ಲೇ ಕಲ್ಲಿನ ಮೇಲೆ ಬರೆಸಿದ್ದಾನೆ. ಅದಿರಲಿ, ನನಗೆ ಹಾಡಿನ ವಿಷಯವೇ ಮುಖ್ಯ.

ಬೆಲ್ಜಿಯಂನ ಇತಿಹಾಸಕಾರ ಯಾನ್ ವಾನ್ಸಿನಾ ಓದಿದ್ದು ಯುರೋಪಿನ ಮಧ್ಯಯುಗವನ್ನು. 1950ರ ದಶಕದ ಆರಂಭದಲ್ಲಿ ಕಾಂಗೋಕ್ಕೆ ಹೋಗಿ ಅಲ್ಲಿನ ಕೂಬಾ ಎಂಬ ಬುಡಕಟ್ಟಿನ ಜನರ ನಡುವೆ ಕುಳಿತರು. ಅವರ ಹಾಡು, ವಂಶಾವಳಿ ಕೇಳುತ್ತ ಕೇಳುತ್ತ, ಹಳೆಯ ಹಸ್ತಪ್ರತಿಗಳ ಪಾಠಾಂತರ ಹೋಲಿಸಿದ ಹಾಗೆ ಇವನ್ನೂ ಹೋಲಿಸಬಹುದಲ್ಲ ಎಂದು ಹೊಳೆಯಿತು. ಇದನ್ನು ಹೇಳಿದವರು ಯಾರು, ಅವರು ಯಾರಿಂದ ಕೇಳಿದ್ದರು, ಹಾಗೆ ಹೇಳಿದರೆ ಅವರಿಗೇನು ಲಾಭ ಎಂದು ಜಾಲಾಡಿ, 1961ರಲ್ಲಿ ಆ ವಿಧಾನವನ್ನೇ ಪುಸ್ತಕ ಮಾಡಿದರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ದಶಕಗಟ್ಟಲೆ ಪಾಠ ಹೇಳಿದರು. ಇತ್ತ 1963ರಲ್ಲಿ ಆಕ್ಸ್‌ಫರ್ಡ್‌ನ ದೊಡ್ಡ ಇತಿಹಾಸ ಪ್ರೊಫೆಸರ್ ಟ್ರೆವರ್-ರೋಪರ್, ಆಫ್ರಿಕಾದಲ್ಲಿ ಯುರೋಪಿಯನ್ನರ ಇತಿಹಾಸ ಬಿಟ್ಟರೆ ಉಳಿದದ್ದು ಕತ್ತಲೆ ಎಂದುಬಿಟ್ಟರು. ಆದರೆ ಕೀನ್ಯಾದ ಇತಿಹಾಸಕಾರ ಬೆತ್ವೆಲ್ ಒಗೋಟ್ ತಮ್ಮದೇ ಲುವೋ ಜನರ ಹಿರಿಯರ ಮಾತು ಕೂಡಿಹಾಕಿ, 1967ರಲ್ಲಿ ದಕ್ಷಿಣ ಲುವೋಗಳ ಚರಿತ್ರೆಯನ್ನೇ ಮುಂದಿಟ್ಟರು.

ಮನೆಮನೆಯ ವಂಶಾವಳಿ ಹೇಳುವ ಹೆಳವರು ನಿಮ್ಮ ಮನೆಗೂ ಬಂದಿರಬೇಕಲ್ಲ? ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಎತ್ತು ಏರಿ ಬರುತ್ತಿದ್ದರು. ಒಮ್ಮೆ ಕಟ್ಟೆಯ ಮೇಲೆ ನಮ್ಮ ತಲೆಮಾರುಗಳನ್ನು ಹೇಳುತ್ತಿದ್ದ ಹಿರಿಯರು ಒಂದು ಹೆಸರಿನ ಹತ್ತಿರ ದನಿ ತಗ್ಗಿಸಿ, "ಇಂವಾ ಧಾತು ಸಂವತ್ಸರದ ಬರದಾಗ ಊರು ಬಿಟ್ಟಾಂವಾ, ತಿರುಗಿ ಬರಲಿಲ್ಲ" ಅಂದರು. ಒಳಗೆ ಜೋಳ ಕೇರುತ್ತಿದ್ದ ಅಜ್ಜಿಯ ಮೊರ ನಿಂತಿತು. 1876ರ ಆ ಬರದ ಲೆಕ್ಕ ಸರಕಾರಿ ಕಾಗದದಲ್ಲಿ ಬೇಕಾದಷ್ಟಿದೆ. ನಮ್ಮ ಮುತ್ತಜ್ಜನ ಅಣ್ಣ ಮಾತ್ರ ಅವರ ನಾಲಗೆಯ ಮೇಲಷ್ಟೇ ಉಳಿದಿದ್ದ.

ನನ್ನ ಸಂಕಟ ಬೇರೆಯೇ ಇದೆ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಿಕರು ಬಂದದ್ದು ಆಫ್ರಿಕಾದಿಂದಲೇ. ಅವರ ಡಮಾಮಿ ಕುಣಿತವನ್ನು ಉತ್ಸವದ ವೇದಿಕೆಗೆ ಕರೆಸಿ ಚಪ್ಪಾಳೆ ತಟ್ಟುತ್ತೇವೆ, ಊಟ ಹಾಕಿ ಕಳಿಸುತ್ತೇವೆ. ಅವರಜ್ಜಿ ಏನು ಹೇಳುತ್ತಿದ್ದಳು ಎಂದು ಕೂತು ಕೇಳುವವರು ಎಷ್ಟು ಜನ? ನಮ್ಮ ಮಕ್ಕಳ ಪಾಠದಲ್ಲಿ ಆಫ್ರಿಕಾ ಅಂದರೆ ಇನ್ನೂ ಕಾಡು, ಮರುಭೂಮಿ.

ಮೊಮ್ಮಗಳನ್ನು ತಡೆಯಬೇಡಿ, ಮಾಸ್ತರರೇ. ಆಫ್ರಿಕಾದ ಭಾಷೆಗಳಾದ ಸ್ವಾಹಿಲಿಯನ್ನೋ ಅಮ್ಹಾರಿಕ್ಕನ್ನೋ ಈಗಿನಿಂದಲೇ ಕಲಿಯಲಿ. ರಜೆಗೆ ಬಂದಾಗ ನೀವೇ ಯಲ್ಲಾಪುರದ ಬಸ್ಸು ಹತ್ತಿಸಿ, ಜೊತೆಗೆ ಹೋಗಿ. ಒಂದು ನೋಟ್‌ಬುಕ್ಕು ನೀವೂ ಇಟ್ಟುಕೊಳ್ಳಿ.