ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೇ ಇದೆ

ಕೊಡಗಿನ ಶನಿವಾರಸಂತೆ ಕಡೆಯ ಕಾಫಿ ಬೆಳೆಗಾರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ. ವಯಸ್ಸು 44. ಎರಡು ವರ್ಷದ ಹಿಂದೆ ಅವರ ಚಿಕ್ಕಪ್ಪನ ಮಗ ಕಣದಲ್ಲಿ ಕಾಫಿ ಹರವುತ್ತಿದ್ದಾಗಲೇ ಕುಸಿದು ತೀರಿಕೊಂಡರು. ಹಾರ್ಟ್ ಅಟ್ಯಾಕ್. ಅಲ್ಲಿಂದ ಇವರಿಗೆ ಎಡ ಎದೆಯಲ್ಲಿ ಚುಚ್ಚಿದ ಹಾಗೆ ನೋವು, ಕೈ ಜೋಮು, ರಾತ್ರಿ ಎದೆ ಡವಡವ. ಮಡಿಕೇರಿ, ಮೈಸೂರು, ಮಂಗಳೂರು ಎಲ್ಲ ಸುತ್ತಿದ್ದಾರೆ. ಇಸಿಜಿ ಆರು ಸಲ, ಎಕೋ, ಟ್ರೆಡ್‌ಮಿಲ್, ಎಂಡೋಸ್ಕೋಪಿ. ಎಲ್ಲ ನಾರ್ಮಲ್. "ಕೊನೆಗೆ ಒಬ್ಬ ಡಾಕ್ಟರು ನಿಮಗೆ ಏನೂ ಇಲ್ಲ ಹೋಗಿ ಅಂದರು. ಹಾಗಾದರೆ ಈ ನೋವು ನಾನೇ ಕಟ್ಟಿದ್ದಾ? ಆಂಜಿಯೋಗ್ರಾಂ ಒಂದು ಬಾಕಿ ಇದೆ, ಮಾಡಿಸಿಬಿಡಲಾ?" ಇದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಕಟ್ಟಿದ್ದಲ್ಲ ಸ್ವಾಮಿ. ನೋವು ನಿಜ. ಆ ಡಾಕ್ಟರು "ಹೃದಯದಲ್ಲಿ ತೊಂದರೆ ಕಾಣಲಿಲ್ಲ" ಅನ್ನಬೇಕಿತ್ತು, "ಏನೂ ಇಲ್ಲ" ಅಂದುಬಿಟ್ಟರು. ಎರಡೂ ಒಂದೇ ಅಲ್ಲ. ಹೊರಗೆ ಮೂವತ್ತು ಜನ ಕಾಯ್ತಾ ಇದ್ದರೆ ಯಾರ ಬಾಯಲ್ಲಾದರೂ ಚಿಕ್ಕ ಮಾತೇ ಬರುತ್ತೆ, ಅದನ್ನೂ ಒಪ್ಪೋಣ.

ನಾನು ಡಾಕ್ಟರಲ್ಲ. ಆದರೆ ಈ ದಾರಿ ಸ್ವಲ್ಪ ನಡೆದವನು. ಅಮ್ಮ ಗಂಟಲಿನ ಕಾಯಿಲೆಯಾಗಿ ತೀರಿಹೋದ ವರ್ಷ ನನ್ನ ಗಂಟಲಲ್ಲೂ ಏನೋ ಸಿಕ್ಕಿಕೊಂಡಿತು. ಮೀನಿನ ಮುಳ್ಳಲ್ಲ, ಕಫವೂ ಅಲ್ಲ, ಒಂದು ಗೋಲಿ ಇದ್ದ ಹಾಗೆ. ಟಾರ್ಚ್ ಹಿಡಿದು ಕನ್ನಡಿ ಮುಂದೆ ಬಾಯಿ ತೆರೆದು ನಿಲ್ಲೋದೇ ಕೆಲಸ. ಡಾಕ್ಟರು ಕೊಳವೆ ಹಾಕಿ ನೋಡಿದ ಮೇಲೆ ಒಂದು ಮಾತು ಕೇಳಿದರು: "ಅಕ್ಕಿ ರೊಟ್ಟಿ ತಿನ್ನುವಾಗ ಇರುತ್ತಾ?" ಇರಲಿಲ್ಲ! ಬರೀ ಉಗುಳು ನುಂಗುವಾಗ ಮಾತ್ರ. ಹೋಯಿತಾ ನೋಡೋಣ ಅಂತ ಪದೇ ಪದೇ ಒಣ ಗಂಟಲಲ್ಲಿ ನುಂಗಿದರೆ ಗಂಟಲಿನ ಸ್ನಾಯು ಇನ್ನಷ್ಟು ಬಿಗಿಯುತ್ತಂತೆ. ನೋಡಿ ನೋಡಿ ನಾನೇ ಅದನ್ನು ಸಾಕಿದ್ದೆ.

ನಿಮ್ಮ ಪತ್ರದಲ್ಲೂ ಅಂಥದ್ದೊಂದು ಸಾಲಿದೆ. ದಿನಕ್ಕೆ ಎಷ್ಟು ಸಲ ಆ ಪಕ್ಕೆಲುಬು ಒತ್ತಿ ನೋಡ್ತೀರೋ ಲೆಕ್ಕವಿಲ್ಲ ಅಂದಿದ್ದೀರಿ. ಯಾರ ಪಕ್ಕೆಲುಬಾದರೂ ಅಷ್ಟು ಒತ್ತಿದರೆ ನೋಯುತ್ತೆ. ಹೆದರಿಕೆಗೆ ಮೈಯಲ್ಲಿ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರುತ್ತೆ, ಎದೆ ಹೊಡೆದುಕೊಳ್ಳುತ್ತೆ, ಗೊತ್ತಿಲ್ಲದೆಯೇ ಉಸಿರಾಟ ಜಾಸ್ತಿಯಾಗುತ್ತೆ. ಹಾಗೆ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು, ತುಟಿ ಜುಮ್ಮೆನ್ನುತ್ತೆ. ಆ ಜುಮ್ಮೆನ್ನುವುದೇ ಮತ್ತೆ ಹೆದರಿಸುತ್ತೆ. ಪೂರ್ತಿ ಮೈಯಲ್ಲೇ ನಡೆಯುವ ಕೆಲಸ ಇದು, ಕಲ್ಪನೆ ಅಲ್ಲ.

ಇನ್ನು ನೀವು ಮಾಡಿಸಿದ ಆ ಫುಲ್ ಬಾಡಿ ಪ್ಯಾಕೇಜ್, ಅಂದರೆ ಒಂದೇ ಸಲಕ್ಕೆ ಹತ್ತಾರು ಟೆಸ್ಟ್. ಒಂದು ಅಂಕಿ 'ನಾರ್ಮಲ್' ಗೆರೆಯ ಆಚೆ ಇದೆ ಅಂತ ರಿಪೋರ್ಟಲ್ಲಿ ಸ್ಟಾರ್ ಗುರುತು ಬಂದಿದ್ದಕ್ಕೆ ಎರಡು ರಾತ್ರಿ ನಿದ್ದೆಗೆಟ್ಟಿದ್ದೀರಿ. ಲ್ಯಾಬಿನ 'ನಾರ್ಮಲ್' ಗೆರೆ ಹೆಚ್ಚಾಗಿ ಹೇಗೆ ಎಳೀತಾರೆ ಗೊತ್ತಾ? ಆರೋಗ್ಯವಂತರಲ್ಲಿ 100ಕ್ಕೆ 95 ಜನ ಒಳಗೆ ಬರುವ ಹಾಗೆ. ಉಳಿದ 5 ಜನ ಗಟ್ಟಿಮುಟ್ಟಾಗಿದ್ದೂ ಗೆರೆಯ ಆಚೆ. ಒಂದಕ್ಕೊಂದು ಸಂಬಂಧವಿಲ್ಲದ ಇಂಥ 20 ಟೆಸ್ಟ್ ಒಟ್ಟಿಗೆ ಮಾಡಿಸಿದರೆ, ಆರೋಗ್ಯವಾಗಿರುವ 100 ಜನರಲ್ಲಿ ಸುಮಾರು 64 ಜನರಿಗೆ ಒಂದಾದರೂ ಸ್ಟಾರ್ ಬರುತ್ತೆ. ಪ್ಯಾಕೇಜ್ ದೊಡ್ಡದಾದಷ್ಟೂ ಸ್ಟಾರ್ ಜಾಸ್ತಿ, ಅಲ್ವಾ?

ಆಂಜಿಯೋಗ್ರಾಂ ಬರೀ ಫೋಟೋ ಅಲ್ಲ. ಕೈ ಅಥವಾ ತೊಡೆಯ ರಕ್ತನಾಳದಲ್ಲಿ ಕೊಳವೆ ತೂರಿಸಿ ಬಣ್ಣ ಬಿಡ್ತಾರೆ. ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಬೇಕೋ ಬೇಡವೋ ಹೃದಯದ ಡಾಕ್ಟರು ಹೇಳಲಿ. ಮನಸ್ಸಿನ ಸಮಾಧಾನಕ್ಕೆ ಅಂತ ಮಾಡಿಸಬೇಡಿ. ಆರನೇ ಇಸಿಜಿ ಕೊಟ್ಟ ಸಮಾಧಾನ ಕುಶಾಲನಗರ ದಾಟುವಷ್ಟರಲ್ಲಿ ಮುಗಿದಿತ್ತು ಅಂತ ನೀವೇ ಬರೆದಿದ್ದೀರಿ. ಆದರೆ ಏರು ಹತ್ತುವಾಗ ಎದೆ ಹಿಂಡಿ, ನಿಂತರೆ ಬಿಡುವಂಥ ನೋವು, ಬೆವರು ಕಿತ್ತು ಬರುವ ನೋವು, ತಲೆಸುತ್ತಿ ಬೀಳೋದು, ಸುಮ್ನೆ ತೂಕ ಇಳಿಯೋದು, ಇವು ಹೊಸದಾಗಿ ಬಂದರೆ ನನ್ನ ಮಾತು ಪಕ್ಕಕ್ಕಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

ಅದಿಲ್ಲದಿದ್ದರೆ ಊರು ಊರು ಸುತ್ತೋದು ಬಿಡಿ. ನಿಮ್ಮ ಮಾತು ಕೇಳುವ ಒಬ್ಬ ಡಾಕ್ಟರನ್ನು ಹಿಡಿಯಿರಿ. ಫೈಲ್ ಅವರ ಹತ್ತಿರವೇ ಇರಲಿ. ನೋವು ಬಂದಾಗ ಓಡುವ ಬದಲು, ನೋವಿರಲಿ ಇಲ್ಲದಿರಲಿ, ತಿಂಗಳಿಗೊಂದು ತಾರೀಕು ಗೊತ್ತು ಮಾಡಿಕೊಂಡು ಹೋಗಿ. ಮನೋವೈದ್ಯರ ಹೆಸರೆತ್ತಿದರೆ ಹುಚ್ಚು ಅಂತಾರೆ ಅನ್ನೋ ಅಳುಕು ನಿಮ್ಮ ಪತ್ರದ ತುಂಬಾ ಇದೆ. ಕಾಯಿಲೆಯ ಬಗ್ಗೆ ಬಿಡದೆ ಕಾಡುವ ಇಂಥ ಚಿಂತೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿದ್ದ ಹಳೆಯ ಹೆಸರು, ಹೈಪೊಕಾಂಡ್ರಿಯಾಸಿಸ್, ಬೈಗುಳದ ಹಾಗಾಗಿತ್ತು. 2013ರಲ್ಲಿ ಅದನ್ನೇ ತೆಗೆದರು. ಕಾರಣ ಸಿಕ್ಕಿತಾ ಇಲ್ಲವಾ ಅನ್ನೋದಕ್ಕಿಂತ, ಆ ಚಿಂತೆ ದಿನದ ಎಷ್ಟು ಹೊತ್ತು ತಿನ್ನುತ್ತೆ ಅಂತ ಈಗ ನೋಡ್ತಾರೆ. ಮಾತಿನ ಚಿಕಿತ್ಸೆಯಿಂದ ಎಷ್ಟೋ ಜನರಿಗೆ ಇದು ಹಿಡಿತಕ್ಕೆ ಬರುತ್ತೆ. ಮೊದಲು ಫೋನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ನಿಮ್ಮ ಮನೆಯವರು ಮಾತು ಬಿಟ್ಟಿದ್ದಾರೆ ಅಂದಿರಿ. ದಿನಕ್ಕೆ ಹತ್ತು ಸಲ "ನನಗೇನೂ ಆಗಲ್ಲ ತಾನೇ?" ಅಂತ ಕೇಳಿದರೆ ಪಾಪ ಅವರಾದರೂ ಏನು ಹೇಳಬೇಕು? ಸಂಜೆ ಒಂದು ಸಲ ಕೇಳಿ, ಸಾಕು.

ಕೊನೆಗೆ ಆ ಡೈರಿ. ಅಪ್ಪನ ಕಾಲದಿಂದ ಮಳೆ ಲೆಕ್ಕ ಬರೆಯುತ್ತಿದ್ದ ಡೈರಿಯಲ್ಲಿ ಈಗ ಬಿಪಿ, ನಾಡಿ ಬರೆಯುತ್ತೀರಿ ಅಂತ ಓದಿ ಬೇಜಾರಾಯಿತು. ಮಳೆಯನ್ನು ನಾವು ಬೆಳಿಗ್ಗೆ ಒಂದೇ ಸಲ ಅಳೀತೀವಿ. ಆಟಿಯ ಮಳೆಯಲ್ಲೂ ಗಂಟೆಗೊಮ್ಮೆ ಹೊರಗೆ ಹೋಗಿ ಯಾರೂ ಅಳತೆ ಗಾಜು ನೋಡಲ್ಲ. ಬಿಪಿ ಎಷ್ಟು ದಿನಕ್ಕೊಮ್ಮೆ ನೋಡಬೇಕು ಅಂತ ಡಾಕ್ಟರನ್ನೇ ಕೇಳಿ, ಮೆಷಿನ್ ಬೀರುವಿನಲ್ಲಿಟ್ಟು ಬೀಗದ ಕೈ ಮನೆಯವರಿಗೆ ಕೊಡಿ. ಮುಂದಿನ ಪತ್ರದಲ್ಲಿ ಈ ವರ್ಷ ನಿಮ್ಮ ತೋಟಕ್ಕೆ ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಇಂಚು ಬಿತ್ತು, ಅದನ್ನು ಬರೆಯಿರಿ.