ರಷ್ಯಾದ ವೋಗ್ ಫ್ಯಾಷನ್ ಪತ್ರಿಕೆಯ ಮೊದಲ ಸಂಪಾದಕಿ ಯಾರು? ಅವರ ಹಿನ್ನೆಲೆ ಏನು?

ಅಲಿಯೋನಾ ದೊಲೆತ್ಸ್ಕಾಯಾ. ಮಾಸ್ಕೋದಲ್ಲಿ ಹುಟ್ಟಿದ್ದು 1955ರಲ್ಲಿ. ಅಪ್ಪ ಸ್ತಾನಿಸ್ಲಾವ್ ದೊಲೆತ್ಸ್ಕಿ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ಹೆಸರು, ಅಮ್ಮನೂ ಸರ್ಜನ್. ಮಗಳು ಮಾತ್ರ ಭಾಷೆಯ ಹಿಂದೆ ಹೋದರು. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಪಾಠವನ್ನೂ ಮಾಡಿದರು. ಫ್ಯಾಷನ್‌ಗೂ ಇದಕ್ಕೂ ಏನು ಸಂಬಂಧ ಅನ್ನಿಸುತ್ತೆ, ಅಲ್ವಾ? ಪತ್ರಿಕೆ ಅಂದರೆ ಬಟ್ಟೆಯಷ್ಟೇ ಅಲ್ಲ, ಬರವಣಿಗೆಯೂ ಹೌದಲ್ಲ.

ಅವರ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಶುರುವಿನ ಗಳಿಗೆ. ಪತ್ರಿಕೆ ಹೊರಬಂದದ್ದು 1998ರ ಸೆಪ್ಟೆಂಬರ್ ಸಂಚಿಕೆಯಿಂದ. ಅದೇ ಆಗಸ್ಟ್ 17ರಂದು ರಷ್ಯಾ ಸರ್ಕಾರ ಸಾಲ ತೀರಿಸಲಾಗದೆ ಕೈಚೆಲ್ಲಿತ್ತು. ಡಾಲರ್‌ಗೆ ಸುಮಾರು 6 ಇದ್ದ ರೂಬಲ್ ಕೆಲವೇ ವಾರಗಳಲ್ಲಿ 20ರ ಆಸುಪಾಸಿಗೆ ಬಿತ್ತು. ಜನ ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತಿರುವಾಗ ದುಬಾರಿ ಉಡುಪಿನ ಪತ್ರಿಕೆ! ಮುಖಪುಟದಲ್ಲಿ ರೆಡ್ ಸ್ಕ್ವೇರ್‌ನಲ್ಲಿ ಮಾಡೆಲ್‌ಗಳಾದ ಕೇಟ್ ಮಾಸ್ ಮತ್ತು ಆಂಬರ್ ವಲೆಟ್ಟಾ, ಫೋಟೋ ಮಾರಿಯೋ ಟೆಸ್ಟಿನೋ ಅವರದು. ಜೊತೆಗೆ ಒಂದು ಸಾಲು: ‘ರಷ್ಯಾದಲ್ಲಿ. ಕೊನೆಗೂ’. ಮುಳುಗುತ್ತೆ ಅಂತ ಯಾರಾದರೂ ಹೇಳಿದ್ದರೆ ತಪ್ಪೇನಿರಲಿಲ್ಲ. ಆದರೆ ಅದು ನಿಂತಿತು.

ದೊಲೆತ್ಸ್ಕಾಯಾ 12 ವರ್ಷ ನಡೆಸಿ, 2010ರಲ್ಲಿ ಹೊರಬಂದರು. ಆ ಜಾಗಕ್ಕೆ ವಿಕ್ಟೋರಿಯಾ ದವಿದೋವಾ ಬಂದರು. ದೊಲೆತ್ಸ್ಕಾಯಾ ಮಾತ್ರ ಸುಮ್ನೆ ಕೂರಲಿಲ್ಲ. ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ ಹುಟ್ಟುಹಾಕಿದ್ದ ಇಂಟರ್‌ವ್ಯೂ ಪತ್ರಿಕೆಯ ರಷ್ಯನ್ ಆವೃತ್ತಿಯನ್ನು 2011ರಲ್ಲಿ ಶುರುಮಾಡಿದರು, ಆಮೇಲೆ ಜರ್ಮನ್ ಆವೃತ್ತಿಯನ್ನೂ ನೋಡಿಕೊಂಡರು. ಅಡುಗೆ ಪುಸ್ತಕಗಳನ್ನೂ ಬರೆದಿದ್ದಾರೆ.

ವೋಗ್ ರಷ್ಯಾ ಈಗಿಲ್ಲ. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರಲ್ಲಿ ಮುಚ್ಚಿತು.