ಸ್ಟೀವನ್ಸ್ ಮತ್ತು ಆ ಒಂದು ಕೇಸು

ಪ್ರಿಯ ಓದುಗರೇ, ಗುಲಾಮಗಿರಿಯನ್ನು ವಿರೋಧಿಸಿದ 19ನೇ ಶತಮಾನದ ಅಮೆರಿಕದ ವಕೀಲ, ರಾಜಕಾರಣಿ ಥಾಡಿಯಸ್ ಸ್ಟೀವನ್ಸ್ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಒಂದು ಕಾಲದಲ್ಲಿ ಗುಲಾಮರ ಒಡೆಯನ ಪರ ವಾದಿಸಿದ ವಕೀಲರನ್ನು ದೊಡ್ಡವರು ಅನ್ನೋದು ಹೇಗೆ? ಕಪ್ಪು ಜನರಿಗೆ ಪೌರತ್ವ ಕೊಟ್ಟರೂ ಮತದ ಹಕ್ಕು ಕೊಡದ, ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಗೆ ಅವರು ಒಪ್ಪಿದ್ದು ಯಾಕೆ?

ಮೊದಲ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಒಡೆಯರು ಗುಲಾಮರನ್ನು ಪೆನ್ಸಿಲ್ವೇನಿಯಾ ರಾಜ್ಯಕ್ಕೆ ಕರೆತಂದು ಆರು ತಿಂಗಳು ಇಟ್ಟುಕೊಂಡರೆ ಅವರು ಸ್ವತಂತ್ರರು ಎಂದು ಅಲ್ಲಿನ 1780ರ ಕಾಯ್ದೆ ಹೇಳುತ್ತಿತ್ತು. ಚಾರಿಟಿ ಬಟ್ಲರ್ ಎಂಬ ತಾಯಿ ಒಡತಿಯ ಜೊತೆ ಆಗಾಗ ಬಂದು ಹೋಗಿದ್ದರು. ಆ ದಿನಗಳನ್ನೆಲ್ಲ ಕೂಡಿಸಿದರೆ ಆರು ತಿಂಗಳು ದಾಟುತ್ತಿತ್ತು. ಹಾಗೆ ಕೂಡಿಸುವಂತಿಲ್ಲ, ಒಂದೇ ಸಮನೆ ಇದ್ದಿರಬೇಕು ಎಂದು ಒಡೆಯನ ಪರವಾಗಿ ಸ್ಟೀವನ್ಸ್ ವಾದಿಸಿದರು. 1821ರಲ್ಲಿ ಕೋರ್ಟು ಅದನ್ನು ಒಪ್ಪಿತು. ತಾಯಿ, ಮಕ್ಕಳು ಮತ್ತೆ ಗುಲಾಮಗಿರಿಗೆ ಹೋದರು. ವಕೀಲಿ ವೃತ್ತಿಯೇ ಹಾಗೆ ಎಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದು ಅನ್ಯಾಯವೇ.

ಆದರೆ ಅವರ ಬದುಕು ಅಲ್ಲಿಗೇ ನಿಲ್ಲಲಿಲ್ಲ, ಅಲ್ವಾ? 1851ರಲ್ಲಿ ಪೆನ್ಸಿಲ್ವೇನಿಯಾದ ಕ್ರಿಸ್ಟಿಯಾನಾ ಎಂಬ ಊರಲ್ಲಿ, ಓಡಿಬಂದ ಗುಲಾಮರನ್ನು ಹಿಡಿಯಲು ಹೋದ ಒಡೆಯನೊಬ್ಬ ಸತ್ತ. ಹಿಡಿಯುವವರಿಗೆ ನೆರವಾಗಲಿಲ್ಲ ಎಂದು ಕ್ಯಾಸ್ಟ್ನರ್ ಹ್ಯಾನ್ವೇ ಎಂಬ ಸ್ಥಳೀಯರ ಮೇಲೆ ದೇಶದ್ರೋಹದ ಕೇಸು ಬಿತ್ತು. ಈ ಸಲ ಸ್ಟೀವನ್ಸ್ ಆರೋಪಿಯ ವಕೀಲರಲ್ಲಿ ಒಬ್ಬರು. ಹ್ಯಾನ್ವೇ ಖುಲಾಸೆಯಾದರು.

ಶಾಲೆಯ ವಿಷಯವನ್ನೂ ಹೇಳಲೇಬೇಕು. ಸ್ಟೀವನ್ಸ್ ಹುಟ್ಟಿದ್ದು 1792ರಲ್ಲಿ, ವರ್ಮಾಂಟಿನ ಬಡ ಮನೆಯಲ್ಲಿ. ಹುಟ್ಟಿನಿಂದಲೇ ಒಂದು ಪಾದ ಸೊಟ್ಟ. ಅಪ್ಪ ಮನೆ ಬಿಟ್ಟು ಹೋದರು, ಅಮ್ಮ ದುಡಿದು ಓದಿಸಿದರು. ಪೆನ್ಸಿಲ್ವೇನಿಯಾದ ಶಾಸಕರಾದಾಗ, ತೆರಿಗೆ ಜಾಸ್ತಿ ಆಗುತ್ತದೆ ಎಂದು 1834ರ ಉಚಿತ ಶಾಲೆಗಳ ಕಾಯ್ದೆಯನ್ನೇ ರದ್ದು ಮಾಡಲು ಜನ ಪಟ್ಟು ಹಿಡಿದಿದ್ದರು. 1835ರ ಏಪ್ರಿಲ್‌ನಲ್ಲಿ ಸ್ಟೀವನ್ಸ್ ಎದ್ದು ನಿಂತು ಮಾತಾಡಿದರು. ಕಾಯ್ದೆ ಉಳಿಯಿತು. ಅವರನ್ನು ದೊಡ್ಡವರು ಅನ್ನಲು ನನಗೆ ಇದೊಂದೇ ಸಾಕಿತ್ತು.

ಇನ್ನು ಎರಡನೇ ಪ್ರಶ್ನೆ. ಸ್ಟೀವನ್ಸ್‌ಗೆ ಬೇಕಾಗಿದ್ದು ಪೂರ್ಣ ಸಮಾನತೆ. ಸಂಸತ್ತಿನಲ್ಲಿ ಅಷ್ಟಕ್ಕೆ ಮತ ಸಿಗುತ್ತಿರಲಿಲ್ಲ. ಇಂಥ ಅರೆಬರೆ ತಿದ್ದುಪಡಿಗೆ ಯಾಕೆ ಒಪ್ಪಿದೆ ಎಂಬುದಕ್ಕೆ 1866ರ ಜೂನ್‌ನಲ್ಲಿ ಸದನದಲ್ಲೇ ಕಾರಣ ಕೊಟ್ಟರು: ನಾನು ಬದುಕುತ್ತಿರುವುದು ಮನುಷ್ಯರ ನಡುವೆ, ದೇವತೆಗಳ ನಡುವೆ ಅಲ್ಲ. ಸಿಕ್ಕಷ್ಟನ್ನು ಕೈಗೆ ತೆಗೆದುಕೊಂಡು, ಮರುವರ್ಷವೇ, ಅಂತರ್ಯುದ್ಧದಲ್ಲಿ ಸೋತ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಗಂಡಸರಿಗೆ ಮತದ ಹಕ್ಕು ಕೊಡಿಸುವ ಕಾಯ್ದೆಗಾಗಿ ದುಡಿದರು. 14ನೇ ತಿದ್ದುಪಡಿ 1868ರ ಜುಲೈನಲ್ಲಿ ಜಾರಿಗೆ ಬಂತು. ಆಗಸ್ಟ್‌ನಲ್ಲಿ ಸ್ಟೀವನ್ಸ್ ತೀರಿಕೊಂಡರು. ಜನಾಂಗದ ಕಾರಣಕ್ಕೆ ಯಾರ ಮತವನ್ನೂ ಕಸಿಯಬಾರದು ಎಂಬ 15ನೇ ತಿದ್ದುಪಡಿ ಬಂದದ್ದು 1870ರಲ್ಲಿ.

— ಸಂಪಾದಕ